ದುಡಿಮೆ, ಮನೆ, ದಾರಿ: ಬಳ್ಳಾರಿ ಸೀಮೆಯ ಶ್ರಮಿಕ ಬದುಕಿನ ಒಂದು ಜಾನಪದೀಯ ಅವಲೋಕನ

ಪ್ರವೇಶ

ಜಾನಪದವೆಂದರೆ ಹಾಡು, ಕಥೆ, ಕುಣಿತಗಳ ಸಂಗ್ರಹ ಎಂಬ ಸೀಮಿತ ತಿಳಿವಳಿಕೆಯಿಂದ ಕನ್ನಡದ ಜಾನಪದ ಅಧ್ಯಯನವು ಬಹುದೂರ ಸಾಗಿ ಬಂದಿದೆ. ಮನೆ ಕಟ್ಟುವ ವಿಧಾನ, ಉಪಕರಣಗಳು, ಕೂಲಿಯ ಕಟ್ಟಳೆಗಳು, ಸಂತೆ, ಗಾಡಿದಾರಿ ಇವೆಲ್ಲವೂ ಈಗ ಜನಪದ ಜ್ಞಾನದ ಭಾಗಗಳೇ ಆಗಿವೆ. ಆದರೂ ಇವುಗಳನ್ನು ಬಿಡಿಬಿಡಿಯಾಗಿ ನೋಡುವ ಕ್ರಮವೇ ಹೆಚ್ಚು ಬಳಕೆಯಲ್ಲಿದೆ. ಮನೆಯ ಬಗ್ಗೆ ಬರೆದವರು ದುಡಿಮೆಯನ್ನು ಪ್ರಾಸಂಗಿಕವಾಗಿ ಮಾತ್ರ ಪ್ರಸ್ತಾಪಿಸುತ್ತಾರೆ. ವೃತ್ತಿಗಳ ಬಗ್ಗೆ ಬರೆದವರು ಆ ವೃತ್ತಿಗೆ ನಡೆದು ಹೋಗುವ ದಾರಿಯನ್ನು ಮರೆಯುತ್ತಾರೆ. ಆಧುನಿಕ ಆಡಳಿತದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಉದ್ಯೋಗ ಮತ್ತು ತರಬೇತಿ ಒಂದು ಇಲಾಖೆಯದು, ವಸತಿ ಇನ್ನೊಂದರದು, ಸಾರಿಗೆ ಮತ್ತೊಂದರದು. ದುಡಿಯುವವನ ದಿನದಲ್ಲಿ ಮಾತ್ರ ಈ ಮೂರೂ ಒಂದೇ ಹಗ್ಗದ ಎಳೆಗಳಾಗಿ ಹೊಸೆದುಕೊಂಡಿರುತ್ತವೆ.

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಸೀಮೆಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಗರಕ್ಕೆ ಸಮೀಪದ ಕೊಳಗಲ್ಲು ಗ್ರಾಮವನ್ನು ನಿದರ್ಶನದ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಕೊಳಗಲ್ಲು ಇತಿಹಾಸಜ್ಞರಿಗೆ ಅಪರಿಚಿತವಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನ ಆಳ್ವಿಕೆಯನ್ನೂ ತಿಳಿಸುವ ಕ್ರಿ.ಶ. 967ರ ಶಾಸನ ದೊರೆತಿರುವುದು ಇಲ್ಲಿಯೇ. ಗೌಡ ದೇಶದ ವರೇಂದ್ರಿಯ ಮೂಲದ ಗದಾಧರನೆಂಬ ಯತಿಯ ಉಲ್ಲೇಖವೂ ಆ ಶಾಸನದಲ್ಲಿದೆ. ಪೂರ್ವ ಭಾರತದಿಂದ ಬಂದವನೊಬ್ಬನು ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲೆ ಕಂಡುಕೊಂಡನೆಂಬುದು ಗಮನಾರ್ಹ. ಹೊರಗಿನಿಂದ ಬಂದು ನೆಲೆಸುವುದು, ಇಲ್ಲಿಂದ ಹೊರಟು ಬೇರೆಡೆ ದುಡಿಯುವುದು ಈ ಸೀಮೆಗೆ ಹೊಸತಲ್ಲ. ದುಡಿಮೆಗಾಗಿ ಹೊರಟವನಿಗೆ ತಲೆಯ ಮೇಲಿನ ಸೂರನ್ನೂ ಕಾಲ ಕೆಳಗಿನ ದಾರಿಯನ್ನೂ ಯಾರು ಒದಗಿಸುತ್ತಾರೆ ಎಂಬ ಪ್ರಶ್ನೆಗೆ ದೊರೆತ ಉತ್ತರಗಳು ಮಾತ್ರ ಕಾಲಕಾಲಕ್ಕೆ ಬದಲಾಗಿವೆ.

ನೆಲೆಯ ಹೆಸರುಗಳಲ್ಲಿ ದುಡಿಮೆಯ ಚರಿತ್ರೆ

ಈ ಸೀಮೆಯಲ್ಲಿ ಜನವಸತಿಯನ್ನು ಸೂಚಿಸುವ ಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ದುಡಿಮೆಯ ಚರಿತ್ರೆಯನ್ನೇ ಹೇಳುತ್ತವೆ. ಹಟ್ಟಿ, ದೊಡ್ಡಿ, ಕೇರಿ, ಓಣಿ, ತಾಂಡಾ, ಪೇಟೆ, ಬಜಾರ್, ಕ್ಯಾಂಪು, ಕಾಲೊನಿ, ಟೌನ್‌ಶಿಪ್ ಎಂಬ ಪದಗಳ ಹಿಂದೆ ಒಂದೊಂದು ಬಗೆಯ ದುಡಿಮೆ ಇದೆ.

ಅತ್ಯಂತ ಹಳೆಯ ಸಾಕ್ಷ್ಯಗಳು ನೆಲದೊಳಗಿವೆ. ಬಳ್ಳಾರಿ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸುತ್ತಿದ್ದರು. ಅವರ ವಾಸದ ನೆಲೆಯೂ ಕಮ್ಮಟವೂ ಒಂದೇ ಬೆಟ್ಟದ ಆಸರೆಯಲ್ಲಿದ್ದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಿಂದ ಬೆಟ್ಟದ ಮೇಲಿನ ದುಂಡು ಗುಡಿಸಲುಗಳ ನೆಲೆಗಳು ಬೆಳಕಿಗೆ ಬಂದವು. ಕುಡತಿನಿಯ ಬೂದಿದಿಬ್ಬವು ದನಗಾಹಿ ಬದುಕಿನ ಕುರುಹೆಂದು ವಿದ್ವಾಂಸರು ಗುರುತಿಸಿದ್ದಾರೆ. ದನ ಕಟ್ಟುವ ದೊಡ್ಡಿಯೂ ಜನ ಬಾಳುವ ಹಟ್ಟಿಯೂ ಅಲ್ಲಿ ಒತ್ತಟ್ಟಿಗಿದ್ದವು.

ತಾಂಡಾ ಎಂಬ ಪದದ ಹಿಂದೆ ಸಾರಿಗೆಯೇ ಇದೆ. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದ ಲದೇಣಿಯು ಅವರ ವೃತ್ತಿಯೂ ಹೌದು, ಬದುಕಿನ ಕ್ರಮವೂ ಹೌದು. ದಾರಿಯೇ ದುಡಿಮೆಯಾಗಿದ್ದ ಆ ಜನರಿಗೆ ಮನೆಯೂ ದಾರಿಯ ಜೊತೆಗೇ ಸಾಗುತ್ತಿತ್ತು. ರೈಲು ಮತ್ತು ಗಾಡಿರಸ್ತೆಗಳು ಬಂದ ಬಳಿಕ ಲದೇಣಿ ನಿಂತಿತು, ತಾಂಡಾ ಒಂದೆಡೆ ನೆಲೆಯೂರಿತು. ವೃತ್ತಿ ಹೋಗಿ ನೆಲೆ ಮಾತ್ರ ಉಳಿದಾಗ ಆ ನೆಲೆಯ ಜನರು ಕೂಲಿಗಾಗಿ ಬೇರೆಯವರ ದಾರಿ ಹಿಡಿಯಬೇಕಾಯಿತು.

1800ರಲ್ಲಿ ಬಳ್ಳಾರಿಯು ಕಂಪನಿಯ ಆಡಳಿತಕ್ಕೆ ಒಳಪಟ್ಟು ದಂಡಿನ ನೆಲೆಯಾದಾಗ ಹೊಸ ಪದಗಳು ಬಂದವು. ಕೌಲು ಎಂದರೆ ಕರಾರು. ದಂಡಿನ ಸೇವೆಗೆ ಬಂದ ಕಸುಬುದಾರರೂ ವ್ಯಾಪಾರಿಗಳೂ ನೆಲೆಸಿದ ಬೀದಿಗಳಿಗೆ ಕೌಲ್ ಬಜಾರ್ ಎಂಬ ಹೆಸರು ಇಂದಿಗೂ ಉಳಿದಿದೆ. ದುಡಿಮೆಗೆ ಕರೆದವರು ನೆಲೆಯನ್ನೂ ಗೊತ್ತುಮಾಡುವ ಕ್ರಮವು ಆ ಹೆಸರಿನಲ್ಲಿಯೇ ಅಡಗಿದೆ.

ಕ್ಯಾಂಪು ಎಂಬ ಪದ ಬಂದದ್ದು ತುಂಗಭದ್ರೆಯ ನೀರಿನ ಜೊತೆಗೆ. 1945ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ಪ್ರದೇಶವು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಕೆಳಮಟ್ಟದ ಕಾಲುವೆಯ ನೀರು ಸಿರುಗುಪ್ಪ ಸೀಮೆಯ ಎರೆಭೂಮಿಯನ್ನು ಭತ್ತದ ಗದ್ದೆಯನ್ನಾಗಿ ಮಾಡಿತು. ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನಿನ ಪಕ್ಕದಲ್ಲಿಯೇ ಮನೆ ಕಟ್ಟಿಕೊಂಡರು. ಅವೇ ಕ್ಯಾಂಪುಗಳು. ಜಮೀನುಳ್ಳವನ ಮನೆ ಗದ್ದೆಯ ಬದುವಿಗೆ ಬಂದಿತು. ನಾಟಿ ಹಚ್ಚುವ, ಕಳೆ ತೆಗೆಯುವ ಕೂಲಿಕಾರಳ ಮನೆ ಮಾತ್ರ ಊರಿನಲ್ಲಿಯೇ ಉಳಿಯಿತು. ಹೊಲಕ್ಕೂ ಮನೆಗೂ ನಡುವಿನ ದೂರವು ಈ ಹಂತದಲ್ಲಿ ಕೂಲಿಕಾರರ ಪಾಲಿನ ಹೊರೆಯಾಗಿ ಪರಿಣಮಿಸಿತು.

ಬರಗಾಲ ಮತ್ತು ಹತ್ತು ಮೈಲಿಯ ಪರೀಕ್ಷೆ

ದೂರವನ್ನು ಕೂಲಿಯವನ ಮೇಲೆ ಹೊರಿಸುವ ಕ್ರಮವು ಆಡಳಿತದ ನೀತಿಯೇ ಆಗಿದ್ದ ಒಂದು ಸಂದರ್ಭ ಈ ಸೀಮೆಯ ಚರಿತ್ರೆಯಲ್ಲಿದೆ. 1876-78ರ ಮಹಾಕ್ಷಾಮವು ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಜನರ ನೆನಪಿನಲ್ಲಿ ಉಳಿದಿದೆ. ಮದರಾಸು ಆಧಿಪತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪರಿಹಾರ ಕಾಮಗಾರಿಗಳ ವೆಚ್ಚವನ್ನು ಇಳಿಸುವ ಸಲುವಾಗಿ 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ಲನು ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಯ ಮಟ್ಟಕ್ಕೆ ಇಳಿಸಿದನು. ಇದರ ಜೊತೆಗೆ ಜಾರಿಯಾದುದು ದೂರದ ಪರೀಕ್ಷೆ. ಮನೆಯಿಂದ ಹತ್ತು ಮೈಲಿಗಿಂತ ಆಚೆಗೆ ಹೋಗಿ ಶಿಬಿರದಲ್ಲಿ ತಂಗಲು ಒಪ್ಪಿದವರಿಗೆ ಮಾತ್ರ ಕೆಲಸ ಎಂಬುದು ಅದರ ಸಾರ. ನಿಜವಾಗಿ ಹಸಿದವನು ಮಾತ್ರ ಅಷ್ಟು ದೂರ ಬರುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಆದರೆ ನಿಜವಾಗಿ ಹಸಿದವನಿಗೆ ಅಷ್ಟು ದೂರ ನಡೆಯುವ ತ್ರಾಣವೇ ಇರುವುದಿಲ್ಲ ಎಂಬುದನ್ನು ಆ ತರ್ಕ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜನಪದರ ದೂರದ ಅಳತೆಗಳು ಇದಕ್ಕೆ ತದ್ವಿರುದ್ಧವಾಗಿವೆ. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಬೆಳಗಿನ ರೊಟ್ಟಿ ಕಟ್ಟಿಕೊಂಡು ಹೋಗಿ, ದುಡಿದು, ದೀಪ ಹಚ್ಚುವ ಹೊತ್ತಿಗೆ ಮರಳಬಹುದಾದ ದೂರವು ಒಂದು ಹೊತ್ತಿನ ಬುತ್ತಿಯ ದೂರ. ಅದನ್ನು ಮೀರಿದರೆ ಅಲ್ಲಿಯೇ ವಸ್ತಿ ಮಾಡಬೇಕು. ವಸ್ತಿ ಮಾಡಬೇಕಾದರೆ ಆಸರೆ ಬೇಕು, ಒಲೆ ಬೇಕು, ಹಿಂದೆ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಹೀಗೆ ಬುತ್ತಿಯ ಅಳತೆಯಲ್ಲಿ ಕೆಲಸ, ಮನೆ, ದಾರಿ ಮೂರೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯ್ದೆಯು ಐದು ಕಿಲೋಮೀಟರಿನ ಒಳಗೆ ಕೆಲಸ ಕೊಡಬೇಕು, ಅದನ್ನು ಮೀರಿದರೆ ಪ್ರಯಾಣ ಮತ್ತು ವಾಸದ ವೆಚ್ಚಕ್ಕಾಗಿ ಕೂಲಿಯ ಶೇಕಡಾ 10ರಷ್ಟನ್ನು ಹೆಚ್ಚಾಗಿ ಕೊಡಬೇಕು ಎಂದು ವಿಧಿಸಿತು. ಐದು ಕಿಲೋಮೀಟರ್ ಎಂದರೆ ಒಂದು ಹರದಾರಿಯ ಆಸುಪಾಸು. ಟೆಂಪಲ್ಲನ ಹತ್ತು ಮೈಲಿಯಿಂದ ಒಂದು ಹರದಾರಿಗೆ ಬರಲು ಆಡಳಿತಕ್ಕೆ 128 ವರ್ಷಗಳು ಬೇಕಾದವು.

ಅಂಕಣದ ಮನೆ, ಅಡಿಯ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಮನೆಯ ವೆಚ್ಚವನ್ನು ಹೇಳುತ್ತದೆಂಬುದು ಸಾಮಾನ್ಯ ಗ್ರಹಿಕೆ. ಅದು ಕಟ್ಟುವವನ ಬಂಧುಬಳಗದ ಬಲವನ್ನೂ ಪರೀಕ್ಷಿಸುವ ಮಾತು. ಈ ಸೀಮೆಯ ಸಾಂಪ್ರದಾಯಿಕ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಮರದ ಕಂಬ ತೊಲೆ, ಜಂತಿ, ಅದರ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಸವಳುಮಣ್ಣಿನ ಮೇಲ್ಮುದ್ದೆ, ಬೆಳಕಿಗೆ ಗವಾಕ್ಷಿ. ಇದರ ಅಳತೆ ಅಡಿಗಳಲ್ಲಿ ಅಲ್ಲ, ಅಂಕಣಗಳಲ್ಲಿ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕುವ ಕೆಲಸವನ್ನು ನೆರೆಹೊರೆಯವರು ಮುಯ್ಯಿಯ ಮೇಲೆ ಮಾಡಿಕೊಡುತ್ತಿದ್ದರು. ಬಳ್ಳಾರಿಯ ಬಿರುಬೇಸಗೆಯಲ್ಲಿ ಈ ಮನೆ ಒಳಗೆ ತಂಪಾಗಿರುತ್ತಿತ್ತು.

ಅಂಕಣದ ಮನೆಯು ವಾಸದ ಜಾಗ ಮಾತ್ರವಾಗಿರಲಿಲ್ಲ. ದನಕರುಗಳಿಗೆ ಒಂದು ಅಂಕಣ, ಕಾಳುಕಡ್ಡಿಗೆ ಹಗೇವು, ಕಸುಬಿಗೆ ಪಡಸಾಲೆ, ಕೂಲಿಯ ಮಾತುಕತೆಗೆ ಹೊರಗಿನ ಕಟ್ಟೆ. ಇಂಥ ಮನೆಯೇ ಒಂದು ಕಾರ್ಯಾಗಾರ. ಕುಂಬಾರನ ತಿಗುರಿ, ನೇಕಾರನ ಕುಳಿಮಗ್ಗ, ಮೇದಾರನ ಬಿದಿರು ಎಲ್ಲವೂ ಮನೆಯ ವಿನ್ಯಾಸದೊಳಗೇ ಜಾಗ ಪಡೆದಿದ್ದವು.

1970ರ ದಶಕದ ಜನತಾ ಮನೆಗಳು, 1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆ, 1990ರ ದಶಕದ ಆಶ್ರಯ ಮನೆಗಳು, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಂದ ಮನೆಗಳು ಸೂರಿಲ್ಲದ ಲಕ್ಷಾಂತರ ಕುಟುಂಬಗಳಿಗೆ ಹಕ್ಕುಪತ್ರವನ್ನೂ ಗೋಡೆಯನ್ನೂ ನೀಡಿವೆ. ಊರಿನ ಹೊರಗೆ ಗುಡಿಸಲಿನಲ್ಲಿ ಬಾಳಿದ ದಲಿತ ಕುಟುಂಬಗಳಿಗೆ ಆ ಹಕ್ಕುಪತ್ರದ ಬೆಲೆ ಎಷ್ಟೆಂಬುದನ್ನು ಯಾರೂ ಕಡಿಮೆಯಾಗಿ ಎಣಿಸಬಾರದು. ಮಾಳಿಗೆ ಮನೆಯ ಗುಣಗಾನ ಮಾಡುವವರು ಆ ಮಾಳಿಗೆ ಎಲ್ಲರಿಗೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಈ ಹೊಸ ಮನೆಗಳ ಅಳತೆಯಲ್ಲಿ ದುಡಿಮೆಗೆ ಜಾಗ ಇರಲಿಲ್ಲ. ಆಡು, ಕೋಳಿ, ಹೊಲಿಗೆ ಯಂತ್ರ, ತಳ್ಳುಗಾಡಿ ಇವು ಎಲ್ಲಿ ಇರಬೇಕೆಂಬುದನ್ನು ನಕ್ಷೆ ಬರೆದವರು ಕೇಳಲಿಲ್ಲ. ಜೊತೆಗೆ, ಅಗ್ಗದ ಮನೆಗೆ ಅಗ್ಗದ ನೆಲ ಬೇಕು. ಅಗ್ಗದ ನೆಲ ಊರಿನಿಂದ ದೂರದಲ್ಲಿರುತ್ತದೆ. ಮನೆಯ ವೆಚ್ಚದಲ್ಲಿ ಉಳಿದ ಹಣ ದಾರಿಯ ವೆಚ್ಚದಲ್ಲಿ ಕಳೆದುಹೋಗುತ್ತದೆ.

ಅಲೆಮಾರಿಗಳ ವಿಷಯದಲ್ಲಿ ಈ ತೊಡಕು ಇನ್ನೂ ಸ್ಪಷ್ಟ. 2014ರಲ್ಲಿ ನಿಧನರಾದ ನಾಡೋಜ ದರೋಜಿ ಈರಮ್ಮನವರು ಬುಡ್ಗಜಂಗಮ ಸಮುದಾಯದ ಬುರ್ರಕಥಾ ಕಲಾವಿದೆ. ಊರೂರು ಸುತ್ತಿ ಕಥೆ ಹೇಳುವುದು ಅವರ ಸಮುದಾಯದ ಕಸುಬು. ಇಂಥ ಸಮುದಾಯಗಳಿಗೆ ಮನೆ ಸಿಗಬೇಕಾದರೆ ವಿಳಾಸ ಬೇಕು, ವಿಳಾಸ ಸಿಗಬೇಕಾದರೆ ಒಂದೆಡೆ ನಿಲ್ಲಬೇಕು, ಒಂದೆಡೆ ನಿಂತರೆ ಕಸುಬು ನಡೆಯದು. ದಾರಿಯೇ ಕಸುಬಾದವರಿಗೆ ಮನೆಯ ಯೋಜನೆಯನ್ನು ಮಾತ್ರ ಕೊಟ್ಟರೆ ಅದು ಅರ್ಧದ ಕೊಡುಗೆಯಾಗುತ್ತದೆ.

ಮೇಸ್ತ್ರಿ ಎಂಬ ವ್ಯವಸ್ಥೆ

ಸರ್ಕಾರದ ಮೂರು ಇಲಾಖೆಗಳು ಬೇರೆಬೇರೆಯಾಗಿ ಮಾಡುವ ಕೆಲಸವನ್ನು ಈ ಸೀಮೆಯಲ್ಲಿ ಒಬ್ಬನೇ ವ್ಯಕ್ತಿ ಒಟ್ಟುಗೂಡಿಸಿ ಮಾಡುತ್ತಾನೆ. ಅವನೇ ಮೇಸ್ತ್ರಿ. ಯಾವ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವುದಿದೆ, ಎಲ್ಲಿ ಹತ್ತಿ ಬಿಡಿಸುವುದಿದೆ, ಯಾವ ಕ್ಯಾಂಪಿನಲ್ಲಿ ನಾಟಿಗೆ ಆಳು ಬೇಕು ಎಂಬುದು ಅವನಿಗೆ ತಿಳಿದಿರುತ್ತದೆ. ಆಳುಗಳ ಗುಂಪು ಕಟ್ಟುವವನು, ಮುಂಗಡ ಕೊಡುವವನು, ವಾಹನ ಗೊತ್ತುಮಾಡುವವನು ಅವನೇ. ದೂರದ ಕೆಲಸವಾದರೆ ತಗಡಿನ ಶೆಡ್ಡನ್ನೂ ತೋರಿಸುತ್ತಾನೆ. ಸಂತೆಯ ದಿನದ ಬಟವಾಡೆಯೂ ಅವನ ಕೈಯಿಂದಲೇ. ಗುಳೆ ಹೋಗುವ ಕುಟುಂಬಗಳಿಗಂತೂ ಅವನೇ ಉದ್ಯೋಗ ಕಚೇರಿ, ಅವನೇ ವಸತಿ ನಿಗಮ, ಅವನೇ ಸಾರಿಗೆ ಸಂಸ್ಥೆ.

ಮೇಸ್ತ್ರಿಯನ್ನು ಶೋಷಕನೆಂದು ಮಾತ್ರ ಚಿತ್ರಿಸುವುದು ಅರ್ಧ ಸತ್ಯ. ಅನೇಕ ವೇಳೆ ಅವನೂ ಅದೇ ಕೇರಿಯವನು, ಅಣ್ಣ, ಮಾವ ಎಂದು ಕರೆಸಿಕೊಳ್ಳುವವನು. ಆದರೆ ಅವನು ಒದಗಿಸುವ ಪ್ರತಿಯೊಂದು ಸೇವೆಯ ಬೆಲೆಯೂ ಕೂಲಿಯಿಂದಲೇ ಕಳೆಯುತ್ತದೆ. ಆ ಬೆಲೆಯಲ್ಲಿ ಅಪಾಯವೂ ಸೇರಿರುತ್ತದೆ. ಹೆಚ್ಚು ಜನರನ್ನು ತುಂಬಿದಷ್ಟೂ ತಲಾ ಬಾಡಿಗೆ ಇಳಿಯುತ್ತದೆ. ಆದುದರಿಂದ ಆಟೊ, ಟಂಟಂ, ಟ್ರ್ಯಾಕ್ಟರ್ ಟ್ರೇಲರುಗಳು ತಮ್ಮ ಅಳತೆಯನ್ನು ಮೀರಿ ತುಂಬುತ್ತವೆ. ಹೊತ್ತಾದರೆ ಅರ್ಧ ದಿನದ ಕೂಲಿ ಹೋಗುವುದರಿಂದ ವೇಗವೂ ಹೆಚ್ಚುತ್ತದೆ.

2022ರ ಸೆಪ್ಟೆಂಬರಿನಲ್ಲಿ ಕೊಳಗಲ್ಲಿನ ಬಳಿ ಕೂಲಿಗೆ ಹೊರಟಿದ್ದ ಮಹಿಳೆಯರನ್ನು ಹೊತ್ತ ಆಟೊ ತುಂಗಭದ್ರಾ ಮೇಲ್ಮಟ್ಟದ ಕಾಲುವೆಗೆ ಉರುಳಿತು. ದುಡಿಯಲು ಹೊರಟವರಲ್ಲಿ ಹಲವರು ಮರಳಿ ಬರಲಿಲ್ಲ. ಇದನ್ನು ರಸ್ತೆ ಅಪಘಾತವೆಂದು ದಾಖಲಿಸುವುದು ಆಡಳಿತದ ರೂಢಿ. ಆದರೆ ಅದು ಕಾಲುವೆಯ ದಂಡೆಯೊಂದರ ಅಥವಾ ಚಾಲಕನೊಬ್ಬನ ಕಥೆಯಷ್ಟೇ ಅಲ್ಲ. ಬೆಳಗಿನ ಹೊತ್ತು ಹೊಲದ ಕಡೆಗೆ ಹೋಗುವ ಬಸ್ಸಿಲ್ಲದಿರುವುದು, ಕಾಲುವೆಯ ದಂಡೆಯೇ ಕೂಲಿಯ ದಾರಿಯಾಗಿರುವುದು, ಕೆಲಸದ ಸ್ಥಳ ದಿನದಿನಕ್ಕೂ ಬದಲಾಗುವುದು ಇವೆಲ್ಲವೂ ಅದರ ಹಿಂದಿವೆ. ನೀರು ಹರಿಸಲು ಕಾಲುವೆಯ ನಕ್ಷೆ ಬರೆದವರು ಆ ನೀರಿನಿಂದ ಹುಟ್ಟುವ ಕೂಲಿಗೆ ಜನ ಹೇಗೆ ನಡೆದು ಬರುತ್ತಾರೆಂಬುದನ್ನು ನಕ್ಷೆಯಲ್ಲಿ ಬರೆದಿರಲಿಲ್ಲ. ಬಾವಿ, ಕೆರೆಗಳ ದಾರಿಯಲ್ಲಿ ಕಟ್ಟೆಯನ್ನೂ ನೆರಳಿನ ಮರವನ್ನೂ ತಪ್ಪದೆ ಇರಿಸಿದ ಜನಪದ ವಿವೇಕವನ್ನು ಈ ಸಂದರ್ಭದಲ್ಲಿ ನೆನೆಯಬೇಕಾಗುತ್ತದೆ.

ಪಡಸಾಲೆಯ ಜೀನ್ಸ್

ಕೆಲಸವು ಮನೆಗೇ ಬರುವ ಮಾದರಿಯೂ ಈ ಸೀಮೆಯಲ್ಲಿದೆ. ಬಳ್ಳಾರಿಯ ಜೀನ್ಸ್ ಉಡುಪು ದೇಶದ ಹಲವು ಮಾರುಕಟ್ಟೆಗಳಿಗೆ ಹೋಗುತ್ತದೆ. ಬಟ್ಟೆ ಕತ್ತರಿಸುವುದು ಒಂದೆಡೆ, ಹೊಲಿಗೆ ಇನ್ನೊಂದೆಡೆ, ದಾರದ ತುದಿ ಕತ್ತರಿಸುವುದು ಮತ್ತೊಂದೆಡೆ, ಒಗೆತ, ಇಸ್ತ್ರಿ ಬೇರೆಬೇರೆ ಕಡೆ. ಇದರಲ್ಲಿ ಬಹುಪಾಲು ಕೆಲಸ ನಗರದ ಸಣ್ಣ ಮನೆಗಳ ಪಡಸಾಲೆಗಳಲ್ಲಿ, ಎಣಿಕೆಯ ಕೂಲಿಯ ಮೇಲೆ ನಡೆಯುತ್ತದೆ. ಹೊಲಿದ ಗಂಟುಗಳು ದ್ವಿಚಕ್ರ ವಾಹನದ ಮೇಲೆ ಓಣಿಯಿಂದ ಓಣಿಗೆ ಸಾಗುತ್ತವೆ. ಕಸುಬಿನ ಕಲಿಕೆಯೂ ಮನೆಯೊಳಗೇ. ತಾಯಿಯ ಪಕ್ಕದಲ್ಲಿ ಕುಳಿತು ದಾರ ಕತ್ತರಿಸುವ ಹುಡುಗಿ ಕೆಲವೇ ವರ್ಷಗಳಲ್ಲಿ ಯಂತ್ರದ ಮುಂದೆ ಕೂರುತ್ತಾಳೆ. ನೇಕಾರ ಓಣಿ, ಕುಂಬಾರ ಓಣಿಗಳ ಹಳೆಯ ವಿನ್ಯಾಸವೇ ಹೊಸ ಬಟ್ಟೆ ತೊಟ್ಟು ಇಲ್ಲಿ ಮುಂದುವರಿದಿದೆ ಎನ್ನಬಹುದು.

ಈ ಮಾದರಿಯಲ್ಲಿ ದಾರಿಯ ಹೊರೆ ಕಡಿಮೆ. ಆದರೆ ಕಾರ್ಖಾನೆಯವನು ಭರಿಸಬೇಕಾದ ಜಾಗ, ವಿದ್ಯುತ್ತು, ಧೂಳು ಎಲ್ಲವನ್ನೂ ಮನೆಯೇ ಭರಿಸುತ್ತದೆ. ನಗರದಂಚಿನ ಮುಂಡರಗಿಯ ಕಡೆಗೆ ಕೈಗಾರಿಕಾ ಪ್ರದೇಶವೂ ಬಡವರ ಬಹುಮಹಡಿ ವಸತಿ ಸಮುಚ್ಚಯವೂ ಬಂದಿವೆ. ಮಹಡಿಯ ಮನೆಗೆ ಹೋಗುವ ಕುಟುಂಬಕ್ಕೆ ಗಟ್ಟಿ ಸೂರು ದೊರೆಯುತ್ತದೆ. ಆದರೆ ಗಂಟು ತಂದುಕೊಡುವವನು, ಸಾಲ ಕೊಡುವ ಅಂಗಡಿ, ಮಗುವನ್ನು ನೋಡಿಕೊಳ್ಳುವ ನೆರೆಮನೆಯ ಅಜ್ಜಿ ಹಳೆಯ ಓಣಿಯಲ್ಲಿಯೇ ಉಳಿಯುತ್ತಾರೆ. ಓಣಿಯೆಂಬುದು ಮನೆಗಳ ಸಾಲು ಮಾತ್ರವಲ್ಲ, ಕೆಲಸದ ಬಲೆಯೂ ಹೌದು ಎಂಬ ತಿಳಿವಳಿಕೆ ವಸತಿ ಯೋಜನೆಯ ಒಳಗೆ ಬರಬೇಕಾಗಿದೆ.

ಉಕ್ಕಿನ ಸೀಮೆ: ಹೋಲಿಕೆಗಳು

ಬಳ್ಳಾರಿಯ ಪಶ್ಚಿಮಕ್ಕೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ 1990ರ ದಶಕದಲ್ಲಿ ಆರಂಭವಾದ ಜಿಂದಾಲ್ ಉಕ್ಕಿನ ಕಾರ್ಖಾನೆ, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಸಂಡೂರಿನ ಗಣಿಗಳು ಈ ಸೀಮೆಯ ದುಡಿಮೆಯ ಸ್ವರೂಪವನ್ನೇ ಬದಲಿಸಿವೆ. ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಟೌನ್‌ಶಿಪ್, ತೋರಣಗಲ್ಲಿನಲ್ಲಿ ಕಾರ್ಖಾನೆಯ ಟೌನ್‌ಶಿಪ್ ಇವೆ. ಇಲ್ಲಿ ಕೆಲಸ, ಮನೆ, ಬಸ್ಸು ಮೂರನ್ನೂ ಒಂದೇ ಕೈ ಯೋಜಿಸುತ್ತದೆ. ಆದರೆ ಆ ಕೈ ತಲುಪುವುದು ಕಾಯಂ ನೌಕರನಿಗೆ. ಗುತ್ತಿಗೆಯ ಕೆಲಸಗಾರನು ಸುತ್ತಲಿನ ಹಳ್ಳಿಗಳ ಬಾಡಿಗೆ ಕೋಣೆಗಳಲ್ಲಿ ಇರುತ್ತಾನೆ, ಇಲ್ಲವೇ ದೂರದೂರಿನಿಂದ ದಿನವೂ ಬಂದು ಹೋಗುತ್ತಾನೆ. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಅಕ್ರಮಕ್ಕೆ ಕಡಿವಾಣ ಬಿದ್ದಿತು. ಲಾರಿಯನ್ನೇ ನಂಬಿದ್ದ ಚಾಲಕ, ಕ್ಲೀನರ್, ದಾರಿಬದಿಯ ಹೋಟೆಲಿನವರ ದುಡಿಮೆಯೂ ಅದರೊಂದಿಗೆ ನಿಂತಿತು. ಅವರಿಗೆ ಬೇರೆ ಕಸುಬಿನ ತರಬೇತಿಯಾಗಲಿ ನೆಲೆಯಾಗಲಿ ಸಿದ್ಧವಾಗಿರಲಿಲ್ಲ.

ಇದರ ಇನ್ನೊಂದು ಮುಖ ಭೂಸ್ವಾಧೀನ. 2010ರ ಸುಮಾರಿಗೆ ಹೊಸ ಉಕ್ಕಿನ ಕಾರ್ಖಾನೆಗಳಿಗಾಗಿ ಕುಡತಿನಿ, ವೇಣಿವೀರಾಪುರ, ಹರಗಿನಡೋಣಿ ಮತ್ತು ಸುತ್ತಲಿನ ಗ್ರಾಮಗಳ ರೈತರ ಜಮೀನು ಹೋಯಿತು. ನಿರೀಕ್ಷಿಸಿದ ಉಕ್ಕಿನ ಕಾರ್ಖಾನೆಗಳು ಮೇಲೇಳಲಿಲ್ಲ. ನ್ಯಾಯಯುತ ಬೆಲೆ ಮತ್ತು ಉದ್ಯೋಗಕ್ಕಾಗಿ ರೈತರು 2022ರ ಡಿಸೆಂಬರಿನಿಂದ ಕುಡತಿನಿಯಲ್ಲಿ ದೀರ್ಘ ಧರಣಿಗೆ ಕುಳಿತರು. ಹೊಲವೂ ಇಲ್ಲ, ಕಾರ್ಖಾನೆಯೂ ಇಲ್ಲ ಎಂಬ ಈ ನಡುವಿನ ಸ್ಥಿತಿಗೆ ಜನಪದರ ಶಬ್ದಕೋಶದಲ್ಲಿ ಹೆಸರಿಲ್ಲ.

ಬೇರೆಡೆಯ ಎರಡು ಹೋಲಿಕೆಗಳು ಇಲ್ಲಿ ಉಪಯುಕ್ತ. ಕೋಲಾರದ ಚಿನ್ನದ ಗಣಿಯಲ್ಲಿ ಕಂಪನಿಯು ಕಾರ್ಮಿಕರ ಲೈನ್ ಮನೆಗಳನ್ನು ಗಣಿಯ ಬಾಯಿಯ ಬಳಿಯೇ ಕಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ದುಡಿಮೆ ಹೋಯಿತು, ಮನೆ ಉಳಿಯಿತು. ಆ ಮನೆಗಳ ಮುಂದಿನ ಪೀಳಿಗೆಯನ್ನು ಉಳಿಸಿದುದು ರೈಲು. ಸಾವಿರಾರು ಮಂದಿ ದಿನವೂ ಬೆಂಗಳೂರಿಗೆ ಹೋಗಿಬಂದು ದುಡಿಯತೊಡಗಿದರು. ಮನೆ ಒಂದೆಡೆ, ಕೆಲಸ ಇನ್ನೊಂದೆಡೆ ಆದಾಗ ಅಗ್ಗದ ಪ್ರಯಾಣವೇ ಬದುಕನ್ನು ಹಿಡಿದಿಟ್ಟಿತು.

ಎರಡನೆಯದು ಗಡಿಯಾಚೆಯ, ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರದ್ದು. ಅಲ್ಲಿಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಮಹಿಳೆಯರು ಸಂಘಟಿತರಾಗಿ ಗೋದುತಾಯಿ ಪರುಳೇಕರ ಹೆಸರಿನ ಹತ್ತು ಸಾವಿರ ಮನೆಗಳ ವಸಾಹತನ್ನು ಪಡೆದರು. ಅದು 2006ರಲ್ಲಿ ಉದ್ಘಾಟನೆಯಾಯಿತು. ಅದೇ ಹಾದಿಯಲ್ಲಿ ರೂಪುಗೊಂಡ ರಾಯನಗರದ 15,000 ಮನೆಗಳು ಅಸಂಘಟಿತ ಕಾರ್ಮಿಕರಿಗೆ 2024ರ ಜನವರಿಯಲ್ಲಿ ಹಸ್ತಾಂತರವಾದವು. ಕಸುಬಿನ ಆಧಾರದ ಮೇಲೆ, ಕಸುಬಿನವರೇ ಮುಂದೆ ನಿಂತು ಕಟ್ಟಿಸಿಕೊಂಡ ಈ ಮನೆಗಳು ಓಣಿಯ ಹಳೆಯ ತತ್ವಕ್ಕೆ ಹತ್ತಿರವಾಗಿವೆ. ಜೀನ್ಸ್ ಹೊಲಿಯುವ ಬಳ್ಳಾರಿಯ ಕುಟುಂಬಗಳಿಗೆ ಇದು ಅಧ್ಯಯನಯೋಗ್ಯ ಮಾದರಿ.

ಬಸ್ಸು ಮತ್ತು ಬುತ್ತಿ

ಹುಬ್ಬಳ್ಳಿ-ಗುಂತಕಲ್ ರೈಲು ಮಾರ್ಗವು ಹೊಸಪೇಟೆ, ತೋರಣಗಲ್ಲು, ಕುಡತಿನಿ, ಬಳ್ಳಾರಿಗಳನ್ನು ಪೋಣಿಸುತ್ತದೆ. ಕುರುಗೋಡು ಮತ್ತು ಸಿರುಗುಪ್ಪಗಳ ಜನರಿಗೆ ರಸ್ತೆಯೇ ಆಧಾರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ದಿನಗೂಲಿಯಿಂದ ಬಸ್ಸಿನ ಹಣ ಕಳೆಯಬೇಕಾಗಿದ್ದ ಹಳ್ಳಿಯ ಹೆಣ್ಣುಮಗಳಿಗೆ ಇದು ಕೂಲಿಯ ಏರಿಕೆಯೇ ಸರಿ. ನಗರದ ಮನೆಗೆಲಸ, ಅಂಗಡಿ, ಹೊಲಿಗೆ ಘಟಕಗಳು ಬುತ್ತಿಯ ದೂರದೊಳಗೆ ಬಂದವು. ಆದರೆ ಉಚಿತ ಟಿಕೆಟ್ಟು ಇದ್ದರೆ ಸಾಲದು, ಹೊತ್ತಿಗೆ ಬಸ್ಸು ಇರಬೇಕು. ಹೊಲದ ಕೂಲಿಯ ಹೊತ್ತು ಬೇರೆ, ಕಚೇರಿಯ ಹೊತ್ತು ಬೇರೆ, ಕಾರ್ಖಾನೆಯ ಪಾಳಿಯ ಹೊತ್ತು ಬೇರೆ. ಬಸ್ಸಿನ ವೇಳಾಪಟ್ಟಿ ಸಾಮಾನ್ಯವಾಗಿ ಕಚೇರಿ, ಶಾಲೆಗಳನ್ನು ಅನುಸರಿಸುತ್ತದೆ.

ತರಬೇತಿಯ ವಿಷಯವೂ ಇದೇ. ಕೈಗಾರಿಕಾ ತರಬೇತಿ ಸಂಸ್ಥೆಗೆ ಪ್ರವೇಶ ಪಡೆದ ಹಳ್ಳಿಯ ಯುವಕನು ಮಧ್ಯದಲ್ಲಿ ಬಿಟ್ಟರೆ ಅದನ್ನು ಆಸಕ್ತಿಯ ಕೊರತೆಯೆಂದು ಬರೆಯಲಾಗುತ್ತದೆ. ಕೊನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಹಾಸ್ಟೆಲಿನಲ್ಲಿ ಜಾಗ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಕಾರಣ ಬೇರೆಯೇ ತೋರಬಹುದು.

ಯೋಜನೆಗೆ ಜನಪದ ತಿಳಿವಳಿಕೆಯ ಕೊಡುಗೆ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಸತಿ ಬಡಾವಣೆಗೆ ನೆಲ ಆರಿಸುವಾಗ ನೆಲದ ಬೆಲೆಯ ಜೊತೆಗೆ ಅಲ್ಲಿಂದ ಕೂಲಿಯ ಸ್ಥಳಕ್ಕೆ ಆಗುವ ದಿನನಿತ್ಯದ ಪ್ರಯಾಣದ ಬೆಲೆಯನ್ನೂ ಕೂಡಿಸಿ ನೋಡಬೇಕು. ಎರಡನೆಯದಾಗಿ, ಮನೆಯ ನಕ್ಷೆಯಲ್ಲಿ ಕಸುಬಿಗೆ ಒಂದು ಅಂಕಣ ಇರಬೇಕು. ಮೂರನೆಯದಾಗಿ, ನಾಟಿ, ಕೊಯ್ಲು, ಮೆಣಸಿನಕಾಯಿ ಮತ್ತು ಹತ್ತಿ ಬಿಡಿಸುವ ಕಾಲಗಳಲ್ಲಿ ಕಾಲುವೆ ಸೀಮೆಯ ಊರುಗಳಿಗೆ ಸುಗ್ಗಿಯ ಬಸ್ಸುಗಳು ಬೇಕು. ಜಾತ್ರೆಗೆ ವಿಶೇಷ ಬಸ್ಸು ಬಿಡುವ ಪರಿಪಾಠ ನಮ್ಮ ಸಾರಿಗೆ ಸಂಸ್ಥೆಗಳಿಗೆ ಹೊಸತಲ್ಲ. ಕೂಲಿಯೂ ಜಾತ್ರೆಯಂತೆ ಕಾಲ ನೋಡಿ ಬರುವುದೇ ಆಗಿದೆ. ನಾಲ್ಕನೆಯದಾಗಿ, ಕೂಲಿಯ ದಾರಿಯಾಗಿರುವ ಕಾಲುವೆ ದಂಡೆಗಳಿಗೆ ತಡೆಗೋಡೆ ಬೇಕು. ಐದನೆಯದಾಗಿ, ಮೇಸ್ತ್ರಿಯ ಕೈಯಲ್ಲಿರುವ ತಿಳಿವಳಿಕೆಯನ್ನು, ಅಂದರೆ ಎಲ್ಲಿ ಕೆಲಸ, ಎಷ್ಟು ಆಳು, ಯಾವ ದಾರಿ ಎಂಬುದನ್ನು, ಗ್ರಾಮ ಪಂಚಾಯಿತಿ ಮತ್ತು ಮಹಿಳಾ ಸ್ವಸಹಾಯ ಸಂಘಗಳು ತಮ್ಮದಾಗಿಸಿಕೊಳ್ಳಬೇಕು.

ಇದಕ್ಕೆ ಹಣದ ಮೂಲಗಳು ಇಲ್ಲವೆನ್ನುವಂತಿಲ್ಲ. ಸಂವಿಧಾನದ 371 ಜೆ ವಿಧಿಯ ಅನ್ವಯ ರಚಿತವಾದ ಪ್ರಾದೇಶಿಕ ಅಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಬಳ್ಳಾರಿ ಸೇರಿದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ ಪ್ರತ್ಯೇಕ ನಿಗಮವಿದೆ. ಹಣ ಮೂರು ಕಾಲುವೆಗಳಲ್ಲಿ ಬೇರೆಬೇರೆಯಾಗಿ ಹರಿಯುವ ಬದಲು ಒಂದೇ ಹೊಲಕ್ಕೆ ಹರಿಯುವಂತೆ ಮಾಡುವುದು ಉಳಿದಿರುವ ಕೆಲಸ.

ಸಮಾರೋಪ

ಸಂಗನಕಲ್ಲಿನ ಕೊಡಲಿ ಕಮ್ಮಟದಿಂದ ತೋರಣಗಲ್ಲಿನ ಉಕ್ಕಿನ ಕುಲುಮೆಯವರೆಗೆ ಈ ಸೀಮೆಯ ದುಡಿಮೆಯು ಕಲ್ಲು, ಮಣ್ಣು, ನೀರು, ಅದಿರುಗಳನ್ನು ಹಿಂಬಾಲಿಸಿ ಸಾಗಿದೆ. ದುಡಿಮೆ ಜಾಗ ಬದಲಿಸಿದಾಗಲೆಲ್ಲ ಹೊಸ ನೆಲೆಗಳೂ ನೆಲೆಗೆ ಹೊಸ ಹೆಸರುಗಳೂ ಹುಟ್ಟಿವೆ. ನೆಲೆ ಮತ್ತು ದುಡಿಮೆಯ ನಡುವಿನ ದೂರವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಹಟ್ಟಿ, ಓಣಿ, ತಾಂಡಾಗಳು ತಮ್ಮದೇ ಆದ ಉತ್ತರ ಕಂಡುಕೊಂಡಿದ್ದವು. ಬರಗಾಲದ ಆಡಳಿತವು ಆ ದೂರವನ್ನೇ ಬಡವನಿಗೆ ಪರೀಕ್ಷೆಯನ್ನಾಗಿ ಒಡ್ಡಿತು. ಇಂದಿನ ಯೋಜನೆಗಳು ಅದನ್ನು ಯಾರ ಲೆಕ್ಕಕ್ಕೂ ಸೇರಿಸದೆ ಬಿಟ್ಟಿವೆ. ಬಿಟ್ಟುಹೋದ ಆ ಲೆಕ್ಕವು ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಕೊಳಗಲ್ಲಿನ ಕಾಲುವೆ ದಂಡೆಯ ಮೇಲೆ ಸಾಗುವ ಕೂಲಿಯ ಹೆಣ್ಣುಮಗಳ ಹೆಗಲ ಮೇಲೆ ಬಂದು ಕೂರುತ್ತದೆ. ಅವಳ ಒಂದು ದಿನವನ್ನು ಮನೆಯ ಹೊಸ್ತಿಲಿನಿಂದ ಹೊಲದ ಬದುವಿನವರೆಗೆ, ಮತ್ತೆ ಹೊಸ್ತಿಲಿನವರೆಗೆ ಪೂರ್ತಿಯಾಗಿ ದಾಖಲಿಸುವುದು ಜಾನಪದ ಸಂಶೋಧಕರ ಮುಂದಿರುವ ಕೆಲಸ. ಆ ದಾಖಲೆಯನ್ನು ಮೂರು ಇಲಾಖೆಗಳೂ ಒಂದೇ ಮೇಜಿನ ಸುತ್ತ ಕುಳಿತು ಓದುವಂತಾದರೆ ಅಧ್ಯಯನವು ಸಾರ್ಥಕವಾದೀತು.